ಫೋರ್ಸ್ ಪುಶ್ ಮಾಡಿ ಗೆಳತಿಯ ಕಮಿಟ್‌ಗಳು ಮಾಯ, ವಾಪಸ್ ತರುವುದು ಹೇಗೆ?

ಕೀಲಿಮಣೆ:
ಮೂವರು ಸೇರಿ ಕನ್ನಡ ಕಾಗುಣಿತ ತಿದ್ದುವ ಟೂಲ್ ಬರೆಯುತ್ತಿದ್ದೇವೆ. ಕೋಡ್ ಗಿಟ್‌ನಲ್ಲಿದೆ (ಯಾರು ಏನು ಬದಲಿಸಿದರು ಅಂತ ದಾಖಲಿಸುವ ತಂತ್ರಾಂಶ; ಹಾಗೆ ದಾಖಲಾದ ಒಂದೊಂದು ಬದಲಾವಣೆಯೇ ಕಮಿಟ್). ಸರ್ವರ್ ಅಂದರೆ ಮನೆಯ ಹಳೇ ಕಂಪ್ಯೂಟರ್, ಅದರಲ್ಲೊಂದು ಬೇರ್ ರೆಪೊ (ಎಲ್ಲರ ಕಮಿಟ್ ಸೇರಿಸಿಡುವುದಕ್ಕೆ ಮಾತ್ರ ಇರುವ ಗಿಟ್ ಸಂಗ್ರಹ). ನಿನ್ನೆ ರಾತ್ರಿ ಪುಶ್ ಮಾಡಿದರೆ (ನನ್ನ ಕಮಿಟ್‌ಗಳನ್ನು ಸರ್ವರ್‌ಗೆ ಕಳಿಸಿದರೆ) 'ರಿಜೆಕ್ಟೆಡ್, ನಾನ್-ಫಾಸ್ಟ್-ಫಾರ್ವರ್ಡ್' ಅಂತ ಬಂತು, ಅಂದರೆ ನನ್ನ ಹತ್ತಿರ ಇಲ್ಲದ ಕಮಿಟ್ ಸರ್ವರ್‌ನಲ್ಲಿವೆ ಅಂತ. ನಿದ್ದೆಗಣ್ಣಲ್ಲಿ ಫೋರ್ಸ್ ಕೊಟ್ಟು ಬಲವಂತವಾಗಿ ಕಳಿಸಿಬಿಟ್ಟೆ. ಬೆಳಗ್ಗೆ ನೋಡಿದರೆ ಗೆಳತಿ ಈ ವಾರ ಹಾಕಿದ್ದ 14 ಕಮಿಟ್ ಇಲ್ಲ! ನನ್ನ ರಿಫ್ಲಾಗ್‌ನಲ್ಲೂ (ಗಿಟ್ ಹಳೇ ಸ್ಥಿತಿಗಳನ್ನು ಬರೆದಿಡುವ ಪಟ್ಟಿ) ಸಿಗಲಿಲ್ಲ. ಅವಳ ಫೈಲ್‌ಗಳನ್ನು ತರಿಸಿಕೊಂಡು ನಾನೇ ಒಂದು ಕಮಿಟ್ ಹಾಕಲಾ?

ಬೇರು_ನೀರು:
ಬೇಡ ಮಾರಾಯ್ರೆ. ಬರೀ ಫೈಲ್ ತಂದರೆ ಕೋಡ್ ಬರುತ್ತದೆ, ಯಾರು ಯಾವತ್ತು ಯಾಕೆ ಬದಲಿಸಿದರು ಅನ್ನುವುದು ಹೋಗುತ್ತದೆ. ಅವರ 14 ಕಮಿಟ್ ನಿಮ್ಮ ಹೆಸರಲ್ಲಿ ಒಂದು ಮುದ್ದೆ ಆಗುತ್ತದೆ.

ರಿಫ್ಲಾಗ್ ಆಯಾ ಮಷೀನ್‌ದು ಮಾತ್ರ. ನೀವು ಆ ಕಮಿಟ್‌ಗಳನ್ನು ಫೆಚ್ ಮಾಡಿಯೇ ಇಲ್ಲ (ಸರ್ವರ್‌ನಿಂದ ಇಳಿಸಿಕೊಂಡೇ ಇಲ್ಲ), ಇನ್ನೆಲ್ಲಿಂದ ಸಿಗಬೇಕು? ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಇರುತ್ತದೆ. ಪುಲ್ ಮಾಡಬೇಡಿ (ಸರ್ವರ್‌ನಲ್ಲಿರುವುದನ್ನು ಇಳಿಸಿ ನಿಮ್ಮದಕ್ಕೆ ಸೇರಿಸಬೇಡಿ) ಅಂತ ಮೊದಲು ಅವರಿಗೆ ಫೋನ್ ಮಾಡಿ. ಆಮೇಲೆ ಅವರು 'ಗಿಟ್ ಬ್ರಾಂಚ್ ಉಳಿಸು', 'ಗಿಟ್ ಪುಶ್ ಒರಿಜಿನ್ ಉಳಿಸು' ಕೊಟ್ಟರೆ ಆಯಿತು: 'ಉಳಿಸು' ಅನ್ನುವ ಬ್ರಾಂಚ್ (ಕಮಿಟ್ ಸಾಲಿನ ತುದಿಗೆ ಇಟ್ಟ ಹೆಸರು) ಆಗಿ ಸರ್ವರ್‌ಗೆ (ಒರಿಜಿನ್ ಅಂದರೆ ಅದೇ) ಹೋಗುತ್ತದೆ.

ಕೀಲಿಮಣೆ:
ಅವಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದೆ. ನನ್ನ ಗ್ರಹಚಾರ!

ಬೇರು_ನೀರು:
ಹಾಗಾದರೆ ಸರ್ವರ್‌ನಲ್ಲೇ ಹುಡುಕಿ. ಫೋರ್ಸ್ ಪುಶ್ ಬ್ರಾಂಚಿನ ಹೆಸರನ್ನು ಮಾತ್ರ ಬೇರೆ ಕಡೆಗೆ ತಿರುಗಿಸುತ್ತದೆ, ಹಳೇ ಕಮಿಟ್‌ಗಳನ್ನು ಆ ಕ್ಷಣಕ್ಕೆ ಅಳಿಸುವುದಿಲ್ಲ. ಸೆಟ್ಟಿಂಗ್ ಮುಟ್ಟಿಲ್ಲ ಅಂದರೆ ಗಿಟ್‌ನ ಕಸ ಗುಡಿಸುವ ಕೆಲಸ 2 ವಾರದೊಳಗಿನದನ್ನು ಬಿಡುತ್ತದೆ. ಈ ವಾರದ್ದಲ್ವಾ, ಇದ್ದೇ ಇರುತ್ತವೆ. ರೆಪೊ ಫೋಲ್ಡರ್‌ಗೆ ಹೋಗಿ 'ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್' ಓಡಿಸಿ, ಯಾವ ಬ್ರಾಂಚಿಗೂ ಸೇರದೆ ಉಳಿದದ್ದನ್ನು ಅದು ತೋರಿಸುತ್ತದೆ.

ಕೀಲಿಮಣೆ:
'ಡ್ಯಾಂಗ್ಲಿಂಗ್ ಕಮಿಟ್' ಅಂತ ಒಂದೇ ಸಾಲು ಬಂತು, ಮುಂದೆ 40 ಅಕ್ಷರದ ಹ್ಯಾಶ್ (ಕಮಿಟ್‌ನ ಗುರುತು). ಉಳಿದ 13?

ಬೇರು_ನೀರು:
ಅದು ತುದಿ. ಪ್ರತಿ ಕಮಿಟ್‌ನಲ್ಲೂ ಅದರ ಹಿಂದಿನದರ ಹ್ಯಾಶ್ ಇರುತ್ತದೆ. ತುದಿ ಹಿಡಿದು ಎಳೆದರೆ ಮಾಲೆ ಪೂರ್ತಿ ಬರುತ್ತದೆ. ಸರ್ವರ್‌ನಲ್ಲೇ 'ಗಿಟ್ ಬ್ರಾಂಚ್ ಉಳಿಸು', ಅದರ ಮುಂದೆ ಆ ಹ್ಯಾಶ್ ಕೊಡಿ. ಆಮೇಲೆ ನಿಮ್ಮ ಮಷೀನ್‌ನಲ್ಲಿ ಫೆಚ್ ಮಾಡಿ, ಒರಿಜಿನ್/ಉಳಿಸು ಅನ್ನು ಮರ್ಜ್ ಮಾಡಿ (ನಿಮ್ಮದರ ಜೊತೆ ಸೇರಿಸಿ) ಪುಶ್ ಮಾಡಿ. ರಿಬೇಸ್ (ಕಮಿಟ್‌ಗಳನ್ನು ಬೇರೆ ಬುಡದ ಮೇಲೆ ಹೊಸದಾಗಿ ಬರೆಯುವುದು) ಬೇಡ, ಮಾಡಿದರೆ ಮತ್ತೆ ಫೋರ್ಸ್ ಕೇಳುತ್ತದೆ.

ಕೀಲಿಮಣೆ:
ಬಂತು! 14 ಕಮಿಟ್, ಅವಳದೇ ಹೆಸರು, ಅವಳದೇ ತಾರೀಕು. 'ಅರ್ಕಾವೊತ್ತು ಬಂದಾಗ ಕ್ರ್ಯಾಶ್, ಮೂರನೇ ಸಲ ಸರಿ ಮಾಡಿದ್ದು' ಅನ್ನುವ ಬೈಗುಳದಂಥ ಮೆಸೇಜ್ ಕೂಡ ಹಾಗೇ ಇದೆ. ಮುಂದೆ ಹೀಗಾಗದಂತೆ ತಡೆಯಬಹುದಾ?

ಬೇರು_ನೀರು:
ಸರ್ವರ್ ರೆಪೊದಲ್ಲಿ 'ಗಿಟ್ ಕಾನ್ಫಿಗ್ ರಿಸೀವ್.ಡಿನೈನಾನ್‌ಫಾಸ್ಟ್‌ಫಾರ್ವರ್ಡ್ಸ್ ಟ್ರೂ'. ಆಮೇಲೆ ನಿದ್ದೆಗಣ್ಣಲ್ಲಿ ಎಷ್ಟು ಫೋರ್ಸ್ ಕೊಟ್ಟರೂ ಅದು ಒಪ್ಪುವುದಿಲ್ಲ.