ಶಾರ್ಲಟ್ 600 ರೇಸ್‌ಗೆ ಅಪ್ಪ ಅಮ್ಮ, ಮಗು ಜೊತೆ ಹೋಗ್ಬೋದಾ? ನೋಡಿರೋರು ಅನುಭವ ಹೇಳಿ

ಎಲ್ರಿಗೂ ನಮಸ್ಕಾರ. ಮೆಮೋರಿಯಲ್ ಡೇ (ಅಮೆರಿಕದಲ್ಲಿ ಹುತಾತ್ಮ ಯೋಧರನ್ನ ನೆನೆಯೋ ದಿನ) ವೀಕೆಂಡ್ ಭಾನುವಾರ ಶಾರ್ಲಟ್ ಪಕ್ಕದ ಕಾಂಕರ್ಡ್‌ನಲ್ಲಿ ನಡಿಯೋ ಕೊಕಾ-ಕೋಲಾ 600 ನ್ಯಾಸ್ಕಾರ್ ಕಾರ್ ರೇಸ್‌ಗೆ ಈ ಸಲ ಮನೆಯವ್ರೆಲ್ಲ ಹೋಗೋಣ ಅಂತಿದೀವಿ. ಊರಿಂದ ಅಪ್ಪ ಅಮ್ಮ ಬಂದಿದಾರೆ. ಅಪ್ಪಂಗೆ ಚಿಕ್ಕಮಗಳೂರು ಕಡೆ ರ‍್ಯಾಲಿ ಅಂದ್ರೆ ಪ್ರಾಣ, ಕಾಫಿ ತೋಟದ ರಸ್ತೆ ಪಕ್ಕ ನಿಂತು ನೋಡಿದೋರು. ಮಗಂಗೆ ಆರು ವರ್ಷ. ನನ್ನ ಗಂಡ ಟಿವೀಲಿ ನೋಡ್ತಾರೆ ಅಷ್ಟೆ, ಟ್ರ್ಯಾಕ್‌ಗೆ ಯಾರೂ ಹೋಗಿಲ್ಲ. ಸೀಟ್ ಎಲ್ಲಿ ತಗೋಬೇಕು, ಮಗು ಕಿವಿಗೆ ಏನ್ ಮಾಡ್ಬೇಕು, ಊಟ ಒಳಗೆ ಬಿಡ್ತಾರಾ, ಮುಖ್ಯವಾಗಿ ಒಂದೇ ಟ್ರ್ಯಾಕಲ್ಲಿ 400 ಸುತ್ತು ನೋಡಕ್ಕೆ ಇವ್ರಿಗೆ ಬೇಜಾರಾಗಲ್ವಾ?

*

ಕಿವಿ ವಿಷ್ಯ ಮೊದ್ಲು ಹೇಳ್ತೀನಿ. ಟಿವಿ ನೋಡಿ ಆ ಸದ್ದು ಅಂದಾಜು ಮಾಡಕ್ಕೇ ಆಗಲ್ಲ, ಗ್ರೀನ್ ಫ್ಲ್ಯಾಗ್ ಬಿದ್ದು ರೇಸ್ ಶುರುವಾದಾಗ ಎದೆ ಒಳಗೇ ಗುಡುಗಿದ ಹಾಗಾಗುತ್ತೆ, 100 ಡೆಸಿಬಲ್ ದಾಟುತ್ತೆ. ಮಗಂಗೆ ಮಕ್ಕಳ ಅಳತೆ ಇಯರ್‌ಮಫ್ ಮೊದ್ಲೇ ತರಿಸಿ, ಮನೇಲಿ ಒಂದ್ ವಾರ ಹಾಕಿಸಿ ಅಭ್ಯಾಸ ಮಾಡ್ಸಿ, ಇಲ್ಲಾಂದ್ರೆ ಅಲ್ಲಿ ಕಿತ್ತು ಬಿಸಾಕ್ತಾನೆ. ಅಪ್ಪ ಅಮ್ಮಂಗೂ ಫೋಮ್ ಪ್ಲಗ್ ಇರ್ಲೇಬೇಕು. ಅಪ್ಪ ಹಿಯರಿಂಗ್ ಏಡ್ ಹಾಕೋರಾದ್ರೆ ಅದನ್ನ ತೆಗ್ದು ಮಫ್ ಹಾಕ್ಲಿ.

*

ಬೇಜಾರಾಗುತ್ತಾ ಅನ್ನೋದಕ್ಕೆ ನಾನು ಉದ್ದಕ್ಕೇ ಬರೀತೀನಿ, ಯಾಕಂದ್ರೆ ನಮ್ಮೋರು ಎಷ್ಟೋ ಜನ ನೂರು ಲ್ಯಾಪ್ ಆಗ್ತಿದ್ದಂಗೆ ಎದ್ದು ಹೋಗೋದು ನೋಡಿದೀನಿ, ತುಂಬ ನೋವಾಗುತ್ತೆ ನಂಗೆ.

ಅಪ್ಪಂಗೆ ಹೊರಡೋ ಮುಂಚೆನೇ ಹೇಳ್ಬಿಡಿ, ಇದು ರ‍್ಯಾಲಿ ಥರ ಗಡಿಯಾರದ ಜೊತೆ ಪೈಪೋಟಿ ಅಲ್ಲ ಅಂತ. ರ‍್ಯಾಲೀಲಿ ಒಂದು ಕಾರು ಹೋಯ್ತು ಅಂದ್ರೆ ಇನ್ನೊಂದಕ್ಕೆ ಕಾಯ್ಬೇಕು, ಇಲ್ಲಿ ನಲವತ್ತು ಕಾರಿನ ಹತ್ರ ಒಟ್ಟಿಗೆ ಒಂದೂವರೆ ಮೈಲಿ ಟ್ರ್ಯಾಕಲ್ಲಿ, ತಿರುವಲ್ಲಿ 24 ಡಿಗ್ರಿ ಓರೆ, ಬಾಗಿಲಿಗೆ ಬಾಗಿಲು ತಾಗೋ ಹಾಗೆ ಓಡ್ತಿರ್ತವೆ. ಎಲ್ಲಾನೂ ನೋಡ್ತೀನಿ ಅಂತ ಕೂತ್ರೆ ಅರ್ಧ ಗಂಟೇಲಿ ಕಣ್ಣು ಸೋಲುತ್ತೆ. ಅದಕ್ಕೇ ಮನೇಲಿ ಒಬ್ಬೊಬ್ಬರೂ ಒಂದೊಂದು ಕಾರು ಹಿಡ್ಕೊಳ್ಳಿ. ಮಗ ಬಣ್ಣ ನೋಡಿ ಆರ್ಸಲಿ, ಅಪ್ಪ ನಂಬರ್ ನೋಡಿ ಆರ್ಸಲಿ. ನಿಮ್ಮ ಕಾರು ಎಷ್ಟನೇ ಜಾಗದಲ್ಲಿದೆ, ಮುಂದಿನೋನು ಎಷ್ಟು ದೂರ, ಪಿಟ್‌ಗೆ (ಟಯರ್, ಪೆಟ್ರೋಲ್ ಹಾಕ್ಸಕ್ಕೆ ನಿಲ್ಲೋ ಜಾಗ) ಯಾವಾಗ ಬರ್ತಾನೆ, ಅಷ್ಟೇ ನೋಡ್ತಾ ಹೋದ್ರೆ ರೇಸ್ ತಾನಾಗೇ ಬಿಚ್ಕೊಳುತ್ತೆ.

ಇನ್ನೊಂದು, ಸ್ಕ್ಯಾನರ್ (ತಂಡಗಳ ರೇಡಿಯೋ ಮಾತು ಕೇಳ್ಸೋ ಸಾಧನ) ಬಾಡಿಗೆ ತಗೊಳ್ಳಿ. ದುಡ್ಡು ಉಳಿಸ್ಬೇಕು ಅಂದ್ರೆ ಬೇರೆ ಎಲ್ಲಾದ್ರೂ ಉಳಿಸಿ, ಇದ್ರಲ್ಲಿ ಬೇಡ. ಟ್ರ್ಯಾಕಲ್ಲೇ ಸಿಗುತ್ತೆ, ಹೆಡ್‌ಫೋನ್ ಕಿವಿಗೂ ರಕ್ಷಣೆ. ಫೋನ್ ಆ್ಯಪಲ್ಲೂ ಕೇಳ್ಬೋದು, ಆದ್ರೆ ಆ ಜನಸಂದಣೀಲಿ ನೆಟ್‌ವರ್ಕ್ ನಂಬಕ್ಕಾಗಲ್ಲ. ಡ್ರೈವರ್ ತನ್ನ ಕ್ರೂ ಚೀಫ್, ಅಂದ್ರೆ ತಂಡದ ಮುಖ್ಯಸ್ಥನ ಹತ್ರ ಮಾತಾಡೋದು ನೇರ ಕೇಳುತ್ತೆ, ಮೇಲೆ ಕಟ್ಟಡದ ತುದೀಲಿ ನಿಂತಿರೋ ಸ್ಪಾಟರ್ ‘ಒಳಗಡೆ ಒಬ್ಬ ಇದಾನೆ, ಈಗ ಕ್ಲಿಯರ್’ ಅಂತ ಹೇಳ್ತಾನೇ ಇರ್ತಾನೆ. ಕಾರು ಲೂಸ್ ಅಂದ್ರೆ ಹಿಂಭಾಗ ಜಾರ್ತಿದೆ, ಟೈಟ್ ಅಂದ್ರೆ ಮುಂಭಾಗ ತಿರುಗ್ತಾ ಇಲ್ಲ, ಇವೆರಡು ಗೊತ್ತಿದ್ರೆ ಅರ್ಧ ಸಂಭಾಷಣೆ ಅರ್ಥ ಆಗುತ್ತೆ. ಸಂಜೆ ಆರರ ಸುಮಾರಿಗೆ ಬಿಸಿಲಲ್ಲಿ ಶುರುವಾಗಿ ರಾತ್ರಿ ದೀಪದ ಬೆಳಕಲ್ಲಿ ಮುಗಿಯೋ ರೇಸ್ ಇದು, ಟ್ರ್ಯಾಕ್ ತಣ್ಣಗಾಗ್ತಾ ಹಿಡಿತ ಬದಲಾಗುತ್ತೆ, ಬಿಸಿಲಲ್ಲಿ ಹಾರ್ತಿದ್ದ ಕಾರು ಕತ್ತಲಾದ್ಮೇಲೆ ಹಿಂದೆ ಬೀಳುತ್ತೆ, ಆಗ ಪಿಟ್‌ಗೆ ಬಂದಾಗೆಲ್ಲ ಟಯರ್ ಗಾಳಿ ಅದು ಇದು ಅಂತ ಸ್ವಲ್ಪ ಸ್ವಲ್ಪ ತಿದ್ದುತಾ ಹೋಗ್ತಾರೆ, ಇದೆಲ್ಲ ಸ್ಕ್ಯಾನರ್ ಇಲ್ದೆ ನಿಮಗೆ ಕಾಣೋದೇ ಇಲ್ಲ.

2025ರದ್ದು ಹೇಳ್ತೀನಿ ಕೇಳಿ. ವಿಲಿಯಂ ಬೈರನ್ ಮೊದಲ ಮೂರು ಸ್ಟೇಜೂ ಗೆದ್ದಿದ್ದ (100 ಲ್ಯಾಪ್‌ನ ನಾಲ್ಕು ಸ್ಟೇಜ್ ಇರೋದು ಈ ರೇಸಿನ ವಿಶೇಷ). ರಾಸ್ ಚಾಸ್ಟೇನ್ ಪ್ರಾಕ್ಟೀಸಲ್ಲಿ ಕಾರು ಜಖಂ ಮಾಡ್ಕೊಂಡು, ತಂಡದ ಹುಡುಗರು ರಾತ್ರಿಯೆಲ್ಲ ಕೂತು ಬೇರೆ ಕಾರು ರೆಡಿ ಮಾಡಿ, 40ನೇ ಜಾಗದಿಂದ, ಅಂದ್ರೆ ಎಲ್ರಿಗಿಂತ ಹಿಂದಿನಿಂದ ಶುರು ಮಾಡಿದ. ಕೊನೇ ಆರು ಲ್ಯಾಪ್ ಇದೆ ಅನ್ನೋವಾಗ ಬೈರನ್‌ನ ದಾಟಿ ಗೆದ್ದ! ನೂರು ಲ್ಯಾಪಿಗೆ ಎದ್ದು ಹೋದೋರಿಗೆ ಇದು ಎಲ್ಲಿ ಸಿಗ್ಬೇಕು.

ಸೀಟು: ಸ್ಟಾರ್ಟ್-ಫಿನಿಶ್ ಗೆರೆ ಕಡೆ, ಆದಷ್ಟೂ ಮೇಲಿನ ಸಾಲು. ಕೆಳಗಿನ ಸಾಲು ಕಮ್ಮಿ ರೇಟಿಗೆ ಸಿಗುತ್ತೆ, ಆದ್ರೆ ಬೇಲಿ ಅಡ್ಡ ಬರುತ್ತೆ, ಎದುರುಗಡೆ ಟ್ರ್ಯಾಕ್ ಕಾಣಲ್ಲ, ಟಯರ್ ರಬ್ಬರ್ ಚೂರು ಮುಖಕ್ಕೆ ಹಾರುತ್ತೆ. ಮೇಲಿಂದ ಪಿಟ್ ರೋಡ್ ಚೆನ್ನಾಗಿ ಕಾಣುತ್ತೆ, ಐದು ಜನ ಗೋಡೆ ಹಾರಿ ಹತ್ತು ಸೆಕೆಂಡ್ ಆಸುಪಾಸಲ್ಲಿ ನಾಲ್ಕೂ ಟಯರ್ ಬದಲಾಯ್ಸಿ ಪೆಟ್ರೋಲ್ ತುಂಬ್ಸೋದು ಅಪ್ಪಂಗೆ ಖಂಡಿತ ಇಷ್ಟ ಆಗುತ್ತೆ. ಅಮ್ಮಂಗೆ ಮೆಟ್ಟಿಲು ಕಷ್ಟ ಅಂದ್ರೆ ಟಿಕೆಟ್ ತಗೊಳೋವಾಗ್ಲೇ ಫೋನ್ ಮಾಡಿ ಕೇಳಿ, ಮೆಟ್ಟಿಲು ಕಮ್ಮಿ ಇರೋ ಸೀಟು ಹೇಳ್ತಾರೆ.

*

ಮ್ಯಾಲಿನ ಸರ್ ಹೇಳಿದ್ದು ಎಲ್ಲಾ ಖರೆ ಅದ. ಊಟದ್ದು ನಾ ಹೇಳ್ತೀನ್ರಿ ಅಕ್ಕಾರ. ಮನಿ ಊಟ ಒಳಗ ಒಯ್ಯಾಕ ಬಿಡ್ತಾರ, ಬಾಳ ಛಲೋ ವಿಷಯ ಅದು. ಮೆತ್ತನ್ನ ಕೂಲರ್ ಬ್ಯಾಗ್, 14 ಇಂಚಿಗಿಂತ ದೊಡ್ಡದು ಇರಬಾರದು, ಗಾಜಿನ ಬಾಟ್ಲಿ ನಡಿಯಂಗಿಲ್ಲ, ನಿಯಮ ಬದಲಾಗಿರ್ತಾವ, ಹಿಂದಿನ ದಿನ ಟ್ರ್ಯಾಕಿನ ಸೈಟ್ ಒಮ್ಮೆ ನೋಡ್ರಿ. ನಾವು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಒಯ್ತೀವಿ. ನೀರಿನ ಬಾಟ್ಲಿ ಅರ್ಧ ಫ್ರೀಜರ್‌ನಾಗ ಇಟ್ಟು ಗಟ್ಟಿ ಮಾಡಿ ಒಯ್ರಿ, ಐಸೂ ಆತು ನೀರೂ ಆತು. ಮೇ ಕೊನಿಗೆ ಇಲ್ಲಿ ಬಿಸಿಲು ಜೋರ ಇರ್ತದ, ಹಿರಿಯಾರಿಗೆ ಟೊಪಗಿ ಬೇಕ ಬೇಕು. ಪಾರ್ಕಿಂಗಿಂದ ಗೇಟಿಗೆ ನಡಿಯೂದು ಬಾಳ ಐತ್ರಿ, ಮಧ್ಯಾಹ್ನ ಎರಡಕ್ಕ ಮುಟ್ಟಿದ್ರ ಅಪ್ಪಾರು ನಿಧಾನ ನಡದು, ಹೊರಗಿನ ಅಂಗಡಿ ಎಲ್ಲಾ ನೋಡಿ, ದಣೀದಂಗ ಒಳಗ ಹೋಗ್ತಾರ. ಕೂಡಾಕ ದಿಂಬು ಒಂದು ಒಯ್ರಿ, ಬೆಂಚು ಗಟ್ಟಿ.

*

(ಕೇಳಿದೋಳು ನಾನೇ) ತುಂಬಾ ಥ್ಯಾಂಕ್ಸ್ ಎಲ್ರಿಗೂ, ಸ್ಕ್ಯಾನರ್ ಗ್ಯಾರಂಟಿ ತಗೋತೀವಿ. ಮಳೆ ಬಂದ್ರೆ ಏನ್ ಗತಿ? ಇಲ್ಲಿ ಸಂಜೆ ಗುಡುಗು ಮಳೆ ನೋಡಿ ಭಯ ಆಗುತ್ತೆ.

*

ಮಳೇಲಿ ಈ ಟ್ರ್ಯಾಕಲ್ಲಿ ಓಡ್ಸಲ್ಲ ಮೇಡಂ, ನುಣುಪು ಟಯರು, ಓರೆ ತಿರುವು, ಕಾರು ಹಿಡಿತಕ್ಕೆ ಸಿಗಲ್ಲ. ಮಳೆ ನಿಂತ ಮೇಲೆ ಗಾಳಿ ಊದೋ ಗಾಡಿಗಳು ಬಂದು ಟ್ರ್ಯಾಕ್ ಒಣಗಿಸ್ತವೆ, ಅದಕ್ಕೇ ಬಹಳ ಹೊತ್ತು ಹಿಡಿಯುತ್ತೆ. 2023ರಲ್ಲಿ ಪೂರ್ತಿ ಸೋಮವಾರಕ್ಕೆ ಹೋಯ್ತು, ರಯನ್ ಬ್ಲೇನಿ ಗೆದ್ದಿದ್ದು. 2024ರಲ್ಲಿ 249 ಲ್ಯಾಪಿಗೇ ನಿಲ್ಲಿಸಿ ಕ್ರಿಸ್ಟೋಫರ್ ಬೆಲ್ ಗೆದ್ದ ಅಂತ ಘೋಷಣೆ ಮಾಡಿದ್ರು, ಕೈಲ್ ಲಾರ್ಸನ್ ಅವತ್ತೇ ಇಂಡಿಯಾನಾಪೊಲಿಸ್ 500 ಅನ್ನೋ ಇನ್ನೊಂದು ರೇಸ್ ಓಡ್ಸಿ ವಿಮಾನದಲ್ಲಿ ಬಂದಿಳಿದ್ರೂ ಒಂದು ಲ್ಯಾಪ್ ಕೂಡ ಸಿಗ್ಲಿಲ್ಲ ಪಾಪ. ಅರ್ಧ ದಾಟಿದ್ರೆ ಅಷ್ಟಕ್ಕೇ ಫಲಿತಾಂಶ ಕೊಡಬಹುದು. ಮುಂದೂಡಿದ್ರೆ ಅದೇ ಟಿಕೆಟ್ ನಡಿಯುತ್ತೆ, ಹಾಗಾಗಿ ಸೋಮವಾರ ಬೇರೆ ಏನೂ ಇಟ್ಕೋಬೇಡಿ. ಛತ್ರಿ ಹಿಂದಿನೋರಿಗೆ ಅಡ್ಡ ಆಗುತ್ತೆ, ಎಲ್ರಿಗೂ ರೇನ್‌ಕೋಟ್ ತಗೊಂಡೋಗಿ.

ಇನ್ನೊಂದು ವಿಷ್ಯ ಯಾರೂ ಹೇಳ್ಲಿಲ್ಲ. ಪ್ರತಿ ಕಾರಿನ ಮುಂದಿನ ಗಾಜಿನ ಮೇಲೆ ಹುತಾತ್ಮರಾದ ಒಬ್ಬ ಯೋಧರ ಹೆಸರಿರುತ್ತೆ, ಅರ್ಧ ರೇಸಿಗೆ ಎಲ್ಲಾ ಕಾರು ಪಿಟ್ ರೋಡಲ್ಲಿ ನಿಲ್ಸಿ ಇಂಜಿನ್ ಆಫ್ ಮಾಡಿ ಮೌನ ಆಚರಿಸ್ತಾರೆ. ಮಗಂಗೆ ಮೊದ್ಲೇ ಹೇಳಿಡಿ, ಎದ್ದು ನಿಂತ್ಕೊಳ್ಳಲಿ. ಅಪ್ಪ ಅಮ್ಮಂಗೂ ಅದು ಮನಸ್ಸಿಗೆ ತಾಗುತ್ತೆ.

*

ಮಗು ಅಷ್ಟೊತ್ತು ಕೂರಲ್ಲ ಅನ್ಸಿದ್ರೆ ಶನಿವಾರದ 300 ಮೈಲಿ ರೇಸ್‌ಗೆ ಕರ್ಕೊಂಡು ಹೋಗಿ, ಅರ್ಧದಷ್ಟೇ ದೂರ, ಜನ ಕಮ್ಮಿ, ಟಿಕೆಟ್ಟೂ ಕಮ್ಮಿ. ನಾಲ್ಕೂವರೆ ಗಂಟೆ ರೇಸ್ ಆರು ವರ್ಷದೋನಿಗೆ ಜಾಸ್ತಿನೇ, ಅಪ್ಪನ್ನ ಮಾತ್ರ ಭಾನುವಾರ ಕರ್ಕೊಂಡು ಹೋಗೋದು ನನ್ನ ಪ್ರಕಾರ ಒಳ್ಳೇದು. ಅಮ್ಮ, ಮಗು ಜೊತೆ ಶಾರ್ಲಟ್ ಅಪ್‌ಟೌನಲ್ಲಿರೋ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಮ್ಯೂಸಿಯಂ ನೋಡಿ, ಅಲ್ಲಿ ಹಳೇ ಕಾರುಗಳನ್ನ ಸಪಾಟಿಂದ ಶುರುಮಾಡಿ 33 ಡಿಗ್ರಿವರೆಗಿನ ಓರೆ ಮೇಲೆ ನಿಲ್ಸಿದಾರೆ, ಆ ಓರೇಲಿ ನಿಂತ್ಕೊಳ್ಳಕ್ಕೇ ಎಷ್ಟು ಕಷ್ಟ ಅಂತ ಮಗೂಗೆ ಗೊತ್ತಾಗುತ್ತೆ. ಟ್ರ್ಯಾಕ್ ಪಕ್ಕದಲ್ಲೇ ಹೆಂಡ್ರಿಕ್ ಅನ್ನೋ ರೇಸ್ ತಂಡದ ಮ್ಯೂಸಿಯಂ ಇದೆ, ಅದಕ್ಕೆ ವಾರದ ದಿನ ಹೋಗಿ.

ವಾಪಸ್ ಬರೋದು: ಲೈಟ್ ರೈಲು ಯೂನಿವರ್ಸಿಟಿವರೆಗೆ ಮಾತ್ರ, ಟ್ರ್ಯಾಕಿಗೆ ಹೋಗಲ್ಲ, ಕಾರೇ ಗತಿ. ರೇಸ್ ಮುಗೀತಿದ್ದಂಗೆ ಎಲ್ರೂ I-85 ಹೆದ್ದಾರಿ ಕಡೆಗೇ ನುಗ್ತಾರೆ. ನೀವು ಓಡ್ಬೇಡಿ. ಕೂಲರಲ್ಲಿ ಉಳಿದಿರೋದನ್ನ ತಿಂತಾ ಒಂದು ಗಂಟೆ ಸೀಟಲ್ಲೇ ಕೂತಿರಿ, ಆಮೇಲೆ ಹೊರಡಿ. ಪಾರ್ಕ್ ಮಾಡಿದ ತಕ್ಷಣ ಲಾಟ್ ಬೋರ್ಡಿನ ಫೋಟೋ ತೆಗ್ದಿಟ್ಕೊಳ್ಳಿ, ಕತ್ತಲಲ್ಲಿ ಎಲ್ಲಾ ಮೈದಾನವೂ ಒಂದೇ ಥರ ಕಾಣುತ್ತೆ.