ನಾಲ್ಕು ವರ್ಷದ ಮಗಳಿಗೆ ಎಲ್‌ಕೆಜಿಯೋ, ಅಂಗನವಾಡಿಯೋ?

ಮಂಡಕ್ಕಿ ಭಟ್ಟಿ, ದಾವಣಗೆರೆ:
ಮಗಳಿಗೆ ನಾಲ್ಕು ತುಂಬಿದೆ. ಸಾಲ ಮಾಡಿ ಶುಲ್ಕ ಕಟ್ಟಿ ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿಸಿದ್ದೇನೆ. ದಿನವೂ 1ರಿಂದ 50 ಬರೆದುಕೊಂಡು ಹೋಗಬೇಕು. ನಿನ್ನೆ ರಾತ್ರಿ 3 ಅನ್ನು ತಿರುಗಿಸಿ ಬರೆದು, ಅಳಿಸಿ ಅಳಿಸಿ ಹಾಳೆ ಹರಿದು, ಪೆನ್ಸಿಲ್ ಮುಷ್ಟಿಯಲ್ಲಿರುವಾಗಲೇ ನಿದ್ದೆ ಹೋದಳು. ಅದೇ ಮಗು ಭಾನುವಾರ ಭಟ್ಟಿಗೆ ಬಂದರೆ, ನಾನು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುವ ಮಂಡಕ್ಕಿಯನ್ನು ಹನ್ನೆರಡು ಸೇರಿನವರೆಗೆ ತಪ್ಪಿಲ್ಲದೆ ಎಣಿಸುತ್ತಾಳೆ. ಅಂಗನವಾಡಿಗೆ ಹಾಕೋಣ ಎನ್ನುತ್ತಾಳೆ ಹೆಂಡತಿ. ಅಲ್ಲಿ ಊಟ ಬಿಟ್ಟರೆ ಏನಿದೆ ಎನ್ನುತ್ತಾರೆ ನೆರೆಯವರು. ಇದರ ಬಗ್ಗೆ ಯಾರಾದರೂ ಅಧ್ಯಯನ ಮಾಡಿದ್ದಾರೆಯೇ?

ಅಂಗನವಾಡಿ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು:
ಅಣ್ಣ, ಸೇರು ಎಣಿಸುತ್ತಾಳಲ್ಲ, ಗಣಿತ ಅದೇ. ಅದನ್ನು ಬಿಡಿಸಬೇಡಿ.

ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ನಾಲ್ಕು ವರ್ಷದ ಸುಮಾರು 14,000 ಮಕ್ಕಳನ್ನು ಎಂಟು ವರ್ಷವಾಗುವವರೆಗೆ ಗಮನಿಸಿದ ಅಧ್ಯಯನದ ವರದಿ 2017ರಲ್ಲಿ ಬಂತು. ಖಾಸಗಿಯವರು ಒಂದನೇ ತರಗತಿಯ ಪಾಠವನ್ನೇ ಕೆಳಗಿಳಿಸಿ ಬಾಯಿಪಾಠ ಮಾಡಿಸುತ್ತಾರೆ, ಅಂಗನವಾಡಿಗಳಲ್ಲಿ ಕಲಿಸುವುದೇ ಕಡಿಮೆ ಎಂದು ಅದು ಇಬ್ಬರಿಗೂ ಹೇಳಿತು. ಎರಡನೆಯ ಮಾತು ನನಗೆ ನೋವು ಕೊಟ್ಟಿತು, ಆದರೆ ಅದು ನಿಜ. ಸಹಾಯಕಿ ಒಲೆಯ ಮುಂದಿರುತ್ತಾಳೆ. ತೂಕ, ಮೊಟ್ಟೆಯ ಲೆಕ್ಕ, ಗರ್ಭಿಣಿಯರ ಊಟ, ಮೊಬೈಲ್‌ನಲ್ಲಿ ವಿವರ ತುಂಬಬೇಕಾದ ಪೋಷಣ್ ಟ್ರ್ಯಾಕರ್ ಆ್ಯಪ್ ಎಲ್ಲವೂ ನನ್ನ ತಲೆಯ ಮೇಲೆ. ಮೊಬೈಲ್ ಸಿಗ್ನಲ್‌ಗೆ ಹುಣಸೆ ಮರದ ಕಟ್ಟೆಗೆ ಹೋಗಬೇಕು. ಕಳೆದ ವಾರ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನಾಲ್ಕು ದಿನವೂ ಅರ್ಧಕ್ಕೆ ಬಿಟ್ಟು ಎದ್ದೆ. ಐದನೆಯ ದಿನ ಒಬ್ಬ ಹುಡುಗ ಎದ್ದು ನಿಂತು ತಾನೇ ಮುಗಿಸಿದ.

ತಮಿಳುನಾಡಿನ 320 ಅಂಗನವಾಡಿಗಳನ್ನು ತೆಗೆದುಕೊಂಡು, ಕೆಲವಕ್ಕೆ ಕಲಿಸುವುದಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು, ಉಳಿದವನ್ನು ಇದ್ದಂತೆಯೇ ಬಿಟ್ಟು ಹೋಲಿಸಿ ನೋಡಿದ್ದಾರೆ. ಕಲಿಕೆಯ ಸಮಯ ಎರಡು ಪಟ್ಟಾಯಿತು. ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಬಂದರು. ಅಪೌಷ್ಟಿಕತೆಯೂ ತಗ್ಗಿತು, ಏಕೆಂದರೆ ಮೊದಲಿನ ಕಾರ್ಯಕರ್ತೆಗೆ ಪೋಷಣೆಯ ಕೆಲಸಕ್ಕೆ ಬಿಡುವು ಸಿಕ್ಕಿತು. ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ತೆರೆಯುವ ಮಾತು ಬಂದಾಗಲೆಲ್ಲ ನಾನು ಕೇಳುವುದು ಇದನ್ನೇ: ನಮಗೆ ಇನ್ನೊಬ್ಬಳನ್ನು ಕೊಡಿ.

ನಲಿಕಲಿ ಶಿಕ್ಷಕಿ, ಹೊಳಲ್ಕೆರೆ:
ಒಂದನೇ ತರಗತಿಗೆ ಬಂದ ಕೆಲವು ಮಕ್ಕಳು ನೂರರವರೆಗೆ ಬರೆಯುತ್ತಾರೆ. ಐದು ಹುಣಸೆ ಬೀಜ ಕೊಡು ಎಂದರೆ ಮುಷ್ಟಿ ತುಂಬ ಕೊಡುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಹಂತ ಎಂದು ಕರೆದಿದೆ. ನಾಲ್ಕಕ್ಕೇ ಬರೆಸುವ ಅವಸರ ಬೇಡ. ಎಲ್ಲಿಗೆ ಸೇರಿಸುವುದಾದರೂ ಮೊದಲು ಒಂದು ಗಂಟೆ ಬಾಗಿಲ ಬಳಿ ಕುಳಿತು, ಟೀಚರ್ ಒಂದೊಂದು ಮಗುವಿನೊಡನೆ ಎಷ್ಟು ಮಾತನಾಡುತ್ತಾರೆ ಎಂದು ನೋಡಿ.

ಮಂಡಕ್ಕಿ ಭಟ್ಟಿ, ದಾವಣಗೆರೆ:
ಸೋಮವಾರ ರಜೆ ಹಾಕಿ ನಮ್ಮ ಬೀದಿಯ ಅಂಗನವಾಡಿಯಲ್ಲಿ ಕುಳಿತೆ. ಟೀಚರ್ ಕಡಲೆಕಾಯಿ ಹಂಚಿ ಎಣಿಸಿದ್ದು ಹತ್ತು ನಿಮಿಷ. ಮಗಳು ಜಾಗ ಬಿಟ್ಟು ಏಳಲೇ ಇಲ್ಲ. ಆಮೇಲೆ ಫೋನ್ ಬಂತು, ಅವರು ರಿಜಿಸ್ಟರ್ ತೆಗೆದು ಕುಳಿತರು. ಮಕ್ಕಳು ಗೋಡೆಗೆ ಒರಗಿ ಊಟದ ತನಕ ಕಾದರು. ಅಕ್ಕ, ನೀವು ಬರೆದದ್ದನ್ನು ಕಣ್ಣಾರೆ ಕಂಡೆ. ಮಗಳನ್ನು ಅಲ್ಲಿಗೇ ಸೇರಿಸುತ್ತೇವೆ. ಇನ್ನೊಬ್ಬ ಕಾರ್ಯಕರ್ತೆ ಬೇಕೆಂದು ಬೀದಿಯವರೆಲ್ಲ ಸಹಿ ಹಾಕಿ ಮನವಿ ಕೊಡುವುದಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ ಕೊಡಬೇಕೋ, ಜಿಲ್ಲಾ ಪಂಚಾಯಿತಿಗೋ?