ಕಾರವಾರದ ಆಚೆ ಸಮುದ್ರದಲ್ಲಿ ಎಒಡಿ (ಗಾಳಿಯಲ್ಲಿನ ಕಣಗಳು ಬೆಳಕು ತಡೆಯುವ ಪ್ರಮಾಣ) ಏರಿದಾಗ ಮೋಡವೂ ಏರುತ್ತದೆ: ಇದು ಕಣಗಳ ಕೆಲಸವೋ, ಗಾಳಿಯದ್ದೋ?

ಕೋಡಿಬಾಗ_ಫಿಸಿಕ್ಸ್

ಎಂಎಸ್ಸಿ ಹುಡುಗರ ಪ್ರಾಜೆಕ್ಟಿಗೆ ಸಲಹೆ ಬೇಕಿತ್ತು. ಅರಬ್ಬೀ ಸಮುದ್ರದ ಮೇಲೆ ತೇಲುವ ಕಣಗಳು ಮೋಡವನ್ನು ಹೇಗೆ ಬದಲಿಸುತ್ತವೆ ಎಂಬುದು ವಿಷಯ. ನಾಸಾದ ಜಿಯೊವನ್ನಿ ತಾಣದಿಂದ ಉಪಗ್ರಹಗಳ ಮೇಲಿನ ಮೋಡಿಸ್ ಉಪಕರಣದ ಮಾಹಿತಿಯ ತಿಂಗಳ ಸರಾಸರಿ ಇಳಿಸಿಕೊಂಡಿದ್ದಾರೆ. ಚೌಕ 14ರಿಂದ 15 ಡಿಗ್ರಿ ಉತ್ತರ, 73.5ರಿಂದ 74.5 ಡಿಗ್ರಿ ಪೂರ್ವ. ಒಂದು ಅಕ್ಷದಲ್ಲಿ 550 ನ್ಯಾನೊಮೀಟರ್ ತರಂಗಾಂತರದ ಎಒಡಿ, ಇನ್ನೊಂದರಲ್ಲಿ ಮೋಡದ ಪ್ರಮಾಣ. ಎರಡೂ ಜೂನ್-ಜುಲೈನಲ್ಲಿ ಒಟ್ಟಿಗೇ ಏರುತ್ತವೆ, ಗೆರೆ ಚೆನ್ನಾಗಿ ಕೂರುತ್ತದೆ. "ಕಣ ಹೆಚ್ಚಾದರೆ ಮೋಡ ಹೆಚ್ಚು" ಎಂದು ಬರೆದು ಮುಗಿಸುವ ಉಮೇದಿನಲ್ಲಿದ್ದಾರೆ.

ಆದರೆ ಕಣ ಹೆಚ್ಚಾದರೆ ಹನಿ ಸಣ್ಣದಾಗಬೇಕು ಎನ್ನುತ್ತದೆ ಪಠ್ಯ. ಇಲ್ಲಿ ಮಳೆಗಾಲದ ಹನಿಗಳೇ ದೊಡ್ಡವು ಬರುತ್ತಿವೆ. ಲೆಕ್ಕ ಎಲ್ಲಿ ತಪ್ಪಿದೆ? ಉಪ್ಪಿನ ಕಣ, ದಡದಿಂದ ಹೋಗುವ ಹೊಗೆ ಇವೆರಡರಲ್ಲಿ ಮೋಡಕ್ಕೆ ಯಾವುದು ಮುಖ್ಯ? ಟಾಗೋರ್ ಕಡಲತೀರದ ಹತ್ತಿರ ಒಂದು ಟೆರೇಸ್ ಮೇಲೆ ಗಾಳಿಯ ಕಣ ಅಳೆಯುವ ಕಡಿಮೆ ಬೆಲೆಯ ಪಿಎಂ ಸೆನ್ಸರ್ ಇಟ್ಟರೆ ಪ್ರಯೋಜನ ಇದೆಯೇ?

ಹೊನ್ನಾವರ_ಗಾಳಿ

ಸರ್, ನಿಮ್ಮ ಹುಡುಗರು ಮುಂಗಾರನ್ನು ಕಂಡುಹಿಡಿದಿದ್ದಾರೆ! ಸೊಮಾಲಿಯಾ ಕಡೆಯಿಂದ ಅರಬ್ಬೀ ಸಮುದ್ರ ದಾಟಿ ಬರುವ ಕೆಳಸ್ತರದ ಜೆಟ್ ಗಾಳಿ ಜೂನ್-ಜುಲೈನಲ್ಲಿ ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ತೇವ ತರುತ್ತದೆ, ತೆರೆ ಒಡೆದು ಉಪ್ಪು ಎಬ್ಬಿಸುತ್ತದೆ, ಅರೇಬಿಯಾದ ಮರುಭೂಮಿಯ ಧೂಳನ್ನೂ ಹೊತ್ತು ತರುತ್ತದೆ. ಮೋಡ ತೇವದಿಂದ ಹೆಚ್ಚಿತು, ಎಒಡಿ ಉಪ್ಪು-ಧೂಳಿನಿಂದ ಹೆಚ್ಚಿತು. ಎರಡಕ್ಕೂ ಗಾಳಿಯೇ ಕಾರಣ. ಉಪ್ಪಿನ ಹರಿವು ಗಾಳಿವೇಗದ ಸುಮಾರು 3.4ನೇ ಘಾತದಂತೆ ಏರುತ್ತದೆ. ಅಂದರೆ ಸೆಕೆಂಡಿಗೆ 6 ಮೀಟರ್ ಇದ್ದದ್ದು 12 ಆದರೆ ಉಪ್ಪು ಹತ್ತು ಪಟ್ಟು.

ಇದರ ಮೇಲೆ ಇನ್ನೊಂದು ಮೋಸ ಇದೆ. ಸಾರ್ವಕಾಲಿಕ ಒದ್ದೆ ಗಾಳಿಯಲ್ಲಿ ಉಪ್ಪಿನ ಕಣ ಒಣಗಿರುವುದಿಲ್ಲ. ಶೇ. 75 ಆರ್ದ್ರತೆಯಲ್ಲಿ ನೀರೆಳೆದು ಕರಗುತ್ತದೆ, ಶೇ. 80ಕ್ಕೆ ಅದರ ವ್ಯಾಸ ಹೆಚ್ಚುಕಡಿಮೆ ದುಪ್ಪಟ್ಟು, 95ರ ಹತ್ತಿರ ಇನ್ನೂ ಊದುತ್ತದೆ. ಒಂದೇ ಒಂದು ಹೊಸ ಕಣ ಬರದೆ ಎಒಡಿ ಏರುತ್ತದೆ. ಮೋಡದ ಪಕ್ಕದ ಗಾಳಿ ಯಾವಾಗಲೂ ಒದ್ದೆ, ಹಾಗಾಗಿ ಮೋಡ ಇದ್ದಲ್ಲಿ ಎಒಡಿ ಹೆಚ್ಚು ಕಾಣುವುದು ಸಹಜ. ಇಲ್ಲಿ ಕಾರಣ-ಪರಿಣಾಮ ತಿರುವುಮುರುವು.

ಈಗ ಉಪ್ಪೋ ಹೊಗೆಯೋ ಎನ್ನುವುದು. ಕಣವೇ ಇಲ್ಲದ ಗಾಳಿಯಲ್ಲಿ ಆವಿ ಹನಿಗಟ್ಟಬೇಕಾದರೆ ಆರ್ದ್ರತೆ ನೂರಲ್ಲ, ಹಲವು ನೂರು ಶೇಕಡಾ ಬೇಕು. ಕಡಲ ಮೇಲಿನ ಮೋಡದಲ್ಲಿ ಸಾಮಾನ್ಯವಾಗಿ ಸಿಗುವುದು 100ರ ಮೇಲೆ ಶೇ. 0.1ರಿಂದ 0.5 ಅಷ್ಟೆ. ಈ ಚೂರೇ ಚೂರಿನಲ್ಲಿ ಯಾವ ಕಣ ಹನಿಯಾಗುತ್ತದೆ ಎಂಬುದನ್ನು ಮೊದಲು ಗಾತ್ರ, ಆಮೇಲೆ ರಸಾಯನ ನಿರ್ಧರಿಸುತ್ತದೆ. ಒಣ ವ್ಯಾಸ 0.1 ಮೈಕ್ರಾನಿನ ಉಪ್ಪಿನ ಕಣಕ್ಕೆ ಶೇ. 0.1 ಸಾಕು, ಅದೇ ಗಾತ್ರದ ಅಮೋನಿಯಂ ಸಲ್ಫೇಟಿಗೆ 0.15. ವ್ಯಾಸ 0.05 ಮೈಕ್ರಾನಿಗೆ ಇಳಿದರೆ ಉಪ್ಪಿಗೆ ಸುಮಾರು 0.3, ಸಲ್ಫೇಟಿಗೆ 0.4. ಆಗಷ್ಟೇ ಹೊರಬಿದ್ದ ಮಸಿ ನೀರನ್ನು ಹಚ್ಚಿಕೊಳ್ಳುವುದೇ ಇಲ್ಲ. ಎರಡು-ಮೂರು ದಿನ ತೇಲಿ ಸಲ್ಫೇಟಿನ ಲೇಪ ಹತ್ತಿದ ಮೇಲೆ ಅದೂ ಹನಿ ಕಟ್ಟುವ ಮೋಡಬೀಜವಾಗುತ್ತದೆ.

ತೂಕ ನೋಡಿ ಮರುಳಾಗಬೇಡಿ. 2 ಮೈಕ್ರಾನಿನ ಒಂದು ಉಪ್ಪಿನ ಕಣದ ತೂಕದಲ್ಲಿ 0.1 ಮೈಕ್ರಾನಿನ 8000 ಉಪ್ಪಿನ ಕಣ ಆಗುತ್ತವೆ. ಮೋಡಕ್ಕೆ ಮೊದಲನೆಯದು ಕೊಡುವುದು ಒಂದು ಹನಿ, ಎರಡನೆಯದು ಸಾವಿರಗಟ್ಟಲೆ. ಮಳೆಗಾಲದಲ್ಲಿ ಉಪ್ಪಿನ ತೂಕ ಬಹಳ, ಎಣಿಕೆ ಅಷ್ಟಿಲ್ಲ. ಜನವರಿ-ಮಾರ್ಚಿನಲ್ಲಿ ಈಶಾನ್ಯದ ಗಾಳಿ ದಡದ ಹೊಗೆಯನ್ನು ಕಡಲಿಗೆ ಒಯ್ಯುವಾಗ ಎಣಿಕೆ ಜಿಗಿಯುತ್ತದೆ. ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ಅಳೆದ 1999ರ ಇಂಡೊಯೆಕ್ಸ್ ಅಭಿಯಾನ ತೋರಿಸಿದ್ದು ಇದನ್ನೇ. ಅರಬ್ಬೀ ಸಮುದ್ರದ ಮೇಲೆ ಕಂದು ಮುಸುಕು, ಅದರಡಿಯ ಸಣ್ಣ ಮೋಡಗಳಲ್ಲಿ ಹನಿ ಹೆಚ್ಚು. ಸಮಭಾಜಕದ ದಕ್ಷಿಣಕ್ಕೆ ಗಾಳಿ ಶುದ್ಧ, ಹನಿ ಕಡಿಮೆ.

ಹನಿಯ ಲೆಕ್ಕ ಹುಡುಗರೇ ಮಾಡಲಿ. ಘನ ಮೀಟರಿಗೆ 0.3 ಗ್ರಾಂ ನೀರು ಎಂದಿಟ್ಟುಕೊಳ್ಳಿ. ಘನ ಸೆಂ.ಮೀ.ಗೆ 100 ಹನಿ ಇದ್ದರೆ ತ್ರಿಜ್ಯ ಸುಮಾರು 9 ಮೈಕ್ರಾನ್, 800 ಆದರೆ 4.5. ನೀರು ಅಷ್ಟೇ, ಒಟ್ಟು ಮೇಲ್ಮೈ ಎರಡು ಪಟ್ಟು, ಹಾಗಾಗಿ ಮೋಡದ ದೃಕ್ ದಪ್ಪವೂ (ಬೆಳಕು ತಡೆಯುವ ಪ್ರಮಾಣ) ಎರಡು ಪಟ್ಟು. ಮೋಡ ಹೆಚ್ಚು ಬೆಳ್ಳಗೆ ಕಾಣುತ್ತದೆ. 1970ರ ದಶಕದಲ್ಲಿ ಮೋಡ ವಿಜ್ಞಾನಿ ಟೂಮಿ ಹೇಳಿದ್ದು ಇಷ್ಟು. ಇದರಲ್ಲಿ ಜಗಳ ಇಲ್ಲ.

ಜಗಳ ಇರುವುದು ಮುಂದಿನ ಹೆಜ್ಜೆಯಲ್ಲಿ. ಹನಿಯ ಪರಿಣಾಮಕಾರಿ ತ್ರಿಜ್ಯ (ಒಂದು ಬಗೆಯ ಸರಾಸರಿ) ಸುಮಾರು 14 ಮೈಕ್ರಾನ್ ಮುಟ್ಟದೆ ಹನಿಗಳು ಡಿಕ್ಕಿ ಹೊಡೆದು ಕೂಡಿ ತುಂತುರಾಗುವುದು ಕಷ್ಟ. ಆದ್ದರಿಂದ ಕೊಳೆತುಂಬಿದ ಮೋಡ ಸುರಿಯದೆ ಹೆಚ್ಚು ಹೊತ್ತು ಬಾಳುತ್ತದೆ ಎಂದು 1989ರಲ್ಲಿ ಹವಾಮಾನ ವಿಜ್ಞಾನಿ ಆಲ್ಬ್ರೆಕ್ಟ್ ವಾದಿಸಿದರು. ಆದರೆ ಸಣ್ಣ ಹನಿ ಮೋಡದ ಅಂಚಿನ ಒಣ ಗಾಳಿಗೆ ಸಿಕ್ಕರೆ ಬೇಗ ಆರಿಯೂ ಹೋಗುತ್ತದೆ. ಐಸ್‌ಲ್ಯಾಂಡಿನ ಹೊಲುಹ್ರೌನ್ ಜ್ವಾಲಾಮುಖಿ 2014-15ರಲ್ಲಿ ಗಂಧಕದ ಅನಿಲ ಕಾರಿದಾಗ ಸುತ್ತಲಿನ ಕಡಲ ಮೋಡಗಳ ಹನಿ ಸಣ್ಣದಾದದ್ದು ಸ್ಪಷ್ಟವಾಗಿ ಕಂಡಿತು, ಮೋಡದ ಒಟ್ಟು ನೀರು ಮಾತ್ರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ನಮ್ಮ ಕಡಲಲ್ಲಿ ಮಸಿಯ ತಕರಾರು ಬೇರೆ. ಅದು ಬಿಸಿಲು ಹೀರಿ ಸುತ್ತಲ ಗಾಳಿಯನ್ನು ಕಾಯಿಸುತ್ತದೆ, ಸಣ್ಣ ಕ್ಯುಮುಲಸ್ (ಹತ್ತಿಯುಂಡೆಯಂಥ ಮೋಡ) ಮಧ್ಯಾಹ್ನಕ್ಕೆ ಕರಗುತ್ತದೆ.

ಹನಿ ದೊಡ್ಡದಾಗಿ ಬಂದದ್ದಕ್ಕೆ ಕಾರಣ ಸರಳ. ಮಳೆಗಾಲದ ಮೋಡ ಎತ್ತರ, ನೀರು ಹೆಚ್ಚು, ಮೇಲೇರಿದಷ್ಟೂ ಹನಿ ಬೆಳೆಯುತ್ತದೆ. ಫೆಬ್ರವರಿಯ ಮೋಡದ ಜೊತೆ ಜುಲೈ ಮೋಡವನ್ನು ಹೋಲಿಸಲು ಬರುವುದಿಲ್ಲ.

ಪಿಕ್ಸೆಲ್_ಭಟ್ರು

ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕಿಂತ ಮೊದಲು ಚೌಕವೇ ತಪ್ಪಿದೆ ಮಾರಾಯ್ರೆ. ಕಾರವಾರ 74.1 ಪೂರ್ವದಲ್ಲಿದೆ. 74.5ರವರೆಗೆ ಹೋದರೆ ಕೈಗಾ, ಅದರ ಸುತ್ತಲಿನ ಕಾಡು ಎಲ್ಲ ಒಳಗೆ ಬಂತು. ನೆಲದ ಮೇಲೆ ಎಒಡಿ ತೆಗೆಯುವ ವಿಧಾನ ಬೇರೆ, ನೀರಿನ ಮೇಲೆ ಬೇರೆ. ದಡದ ಹತ್ತಿರದ ನೀರೂ ಬೇಡ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮಳೆಗಾಲದಲ್ಲಿ ಕೆಂಪು ನೀರು ತಂದು ಸುರಿಯುತ್ತವೆ, ಆ ರಾಡಿಯನ್ನು ಉಪಗ್ರಹ ಗಾಳಿಯ ಧೂಳು ಎಂದು ಓದುವ ಸಾಧ್ಯತೆ ಇದೆ. 70ರಿಂದ 73 ಪೂರ್ವ, 13ರಿಂದ 16 ಉತ್ತರ ತೆಗೆದುಕೊಳ್ಳಿ. ಪೂರ್ವದ ಅಂಚೇ ಕಾರವಾರದಿಂದ ಸುಮಾರು 120 ಕಿ.ಮೀ. ದೂರ.

ತಿಂಗಳ ಸರಾಸರಿ ಬಿಟ್ಟುಬಿಡಿ, ದಿನದ ಮಾಹಿತಿ ಇಳಿಸಿ. ಋತುಚಕ್ರವೇ ಗೆರೆ ಎಳೆದುಕೊಡುತ್ತಿರುವಾಗ ಬೇರೇನೂ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಕೈಬಿಡಿ. ಮೋಡ ಮುಚ್ಚಿದ ದಿನ ಎಒಡಿ ಸಿಗುವುದೇ ಇಲ್ಲ, ಸಿಕ್ಕದ್ದು ಮೋಡದ ಸಂದಿಯಲ್ಲಿನ ಒದ್ದೆ ಗಾಳಿಯದ್ದು. ಡಿಸೆಂಬರ್‌ನಿಂದ ಮಾರ್ಚ್ ಮಾತ್ರ ಸಾಕು.

ಮೋಡದ ಜರಡಿ ಹೀಗಿರಲಿ: ದ್ರವರೂಪದ ಮೋಡ, ಒಂದೇ ಪದರ, ತುದಿಯ ಉಷ್ಣತೆ 275 ಕೆಲ್ವಿನ್‌ಗಿಂತ ಹೆಚ್ಚು, ದೃಕ್ ದಪ್ಪ 4ಕ್ಕಿಂತ ಹೆಚ್ಚು, ಸೂರ್ಯನ ಶಿರಕೋನ (ನೆತ್ತಿಯಿಂದ ಸೂರ್ಯ ಎಷ್ಟು ವಾಲಿದ್ದಾನೆ ಎಂಬುದು) 65 ಡಿಗ್ರಿಯೊಳಗೆ. ಹನಿ ಗಾತ್ರಕ್ಕೆ 2.1ರ ಬದಲು 3.7 ಮೈಕ್ರಾನ್ ತರಂಗಾಂತರದ ಪಟ್ಟಿಯದ್ದನ್ನು ತೆಗೆದುಕೊಳ್ಳಿ. ನಮ್ಮಲ್ಲಿ ಚಳಿಗಾಲದ ಮೋಡ ಚದುರಿದ ಸಣ್ಣ ಕ್ಯುಮುಲಸ್, ಒಂದು ಕಿ.ಮೀ. ಪಿಕ್ಸೆಲ್ ತುಂಬುವುದಿಲ್ಲ. ಅರ್ಧ ತುಂಬಿದ ಪಿಕ್ಸೆಲ್‌ನಲ್ಲಿ ಹನಿ ಇದ್ದದ್ದಕ್ಕಿಂತ ದೊಡ್ಡದಾಗಿ ಓದಿಸುತ್ತದೆ, 3.7ರಲ್ಲಿ ಆ ದೋಷ ಕಡಿಮೆ. ಪೂರ್ತಿ ತುಂಬಿದ ಪಿಕ್ಸೆಲ್ ಮಾತ್ರ ಇಟ್ಟುಕೊಂಡರೆ ಮಾಹಿತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇಳಿಯಲಿ.

ಕಣದ ಕಡೆಯಲ್ಲಿ ಬರೀ ಎಒಡಿ ಬದಲು ಎಒಡಿಯನ್ನು ಆಂಗ್‌ಸ್ಟ್ರಾಮ್ ಘಾತದಿಂದ (ತರಂಗಾಂತರದ ಜೊತೆ ಎಒಡಿ ಬದಲಾಗುವ ದರ) ಗುಣಿಸಿ. ಸಣ್ಣ ಕಣ ಹೆಚ್ಚಿದ್ದಾಗ ಘಾತ ದೊಡ್ಡದು, ಆದ್ದರಿಂದ ಈ ಗುಣಲಬ್ಧ, ಅಂದರೆ ಕಣಸೂಚಿ, ಎಣಿಕೆಗೆ ಹತ್ತಿರ ಬರುತ್ತದೆ, ಧೂಳು-ಉಪ್ಪಿನ ಭಾರ ತಗ್ಗುತ್ತದೆ. ಇಆರ್‌ಎ5ರಿಂದ (ಹಳೆಯ ಹವಾಮಾನದ ದತ್ತಸಂಗ್ರಹ) 10 ಮೀಟರ್ ಎತ್ತರದ ಗಾಳಿವೇಗ, 850 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದ ಆರ್ದ್ರತೆ, ಮತ್ತು 700 ಹೆಕ್ಟೊಪಾಸ್ಕಲಿಗೂ ಸಮುದ್ರಮಟ್ಟಕ್ಕೂ ಇರುವ ವಿಭವ ಉಷ್ಣತೆಯ ಅಂತರ (ಗಾಳಿ ಎಷ್ಟು ಸ್ಥಿರ ಎಂಬುದರ ಸೂಚಕ) ತೆಗೆಯಿರಿ. ಇವುಗಳ ಪ್ರಕಾರ ದಿನಗಳನ್ನು ಗುಂಪು ಮಾಡಿ. ಪ್ರತಿ ಗುಂಪಿನೊಳಗೆ ಮೋಡದ ನೀರನ್ನೂ ಪಟ್ಟಿಗಳಾಗಿ ಕತ್ತರಿಸಿ, ಉದಾಹರಣೆಗೆ ಚದರ ಮೀಟರಿಗೆ 40ರಿಂದ 60 ಗ್ರಾಂ, 60ರಿಂದ 80 ಗ್ರಾಂ. ಆಮೇಲೆ ಹನಿ ತ್ರಿಜ್ಯದ ಲಾಗ್ ವಿರುದ್ಧ ಕಣಸೂಚಿಯ ಲಾಗ್ ಎಳೆಯಿರಿ. ಇಳಿಜಾರು ಋಣವಾಗಿ, ಅದರ ಪ್ರಮಾಣ ಸೊನ್ನೆಗೂ ಮೂರನೇ ಒಂದಕ್ಕೂ ನಡುವೆ ಇರಬೇಕು. ಮೂರನೇ ಒಂದು ದಾಟಿದರೆ ಭೌತಶಾಸ್ತ್ರ ಅಲ್ಲ, ಜರಡಿ ಸೋರಿದೆ ಎಂದರ್ಥ.

ಇನ್ನೊಂದು: ಮೋಡಿಸ್ ಹೊತ್ತ ಎರಡು ಉಪಗ್ರಹಗಳಲ್ಲಿ ಟೆರಾ ಬೆಳಗಿನ 10.30ಕ್ಕೆ, ಅಕ್ವಾ ಮಧ್ಯಾಹ್ನ 1.30ಕ್ಕೆ ಹಾಯುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಎರಡರ ಹೊತ್ತೂ ಸರಿಯುತ್ತಿದೆ. 2019ಕ್ಕೆ ನಿಲ್ಲಿಸಿದರೆ ತಲೆಬಿಸಿ ಇಲ್ಲ.

ಅಂಕೋಲಾ_ವರ್ಕ್‌ಶಾಪ್

ಸೆನ್ಸರ್ ಬಗ್ಗೆ. ಕಡಿಮೆ ಬೆಲೆಯ ಲೇಸರ್ ಸೆನ್ಸರ್ ಸುಮಾರು 0.3 ಮೈಕ್ರಾನಿಗಿಂತ ಸಣ್ಣದನ್ನು ನೋಡುವುದೇ ಇಲ್ಲ. ಮೋಡಬೀಜಗಳಲ್ಲಿ ಹೆಚ್ಚಿನವು 0.05ರಿಂದ 0.2 ಮೈಕ್ರಾನ್. ಅಂದರೆ ನಿಮಗೆ ಬೇಕಾದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಮೋಡಬೀಜ ಎಣಿಸಲು ಬೇರೆಯೇ ಯಂತ್ರ ಬೇಕು, ಕಾಲೇಜಿನ ಬಜೆಟ್ಟಿಗೆ ಎಟುಕದು. ಹೊಗೆ ಬಂದ ದಿನ, ಬಾರದ ದಿನ ಎಂದು ಬೇರ್ಪಡಿಸಲು ಮಾತ್ರ ಇಟ್ಟುಕೊಳ್ಳುವುದಾದರೆ ಅಡ್ಡಿಯಿಲ್ಲ.

ಆದರೂ ಟಾಗೋರ್ ತೀರದ ಅಂಚು ಬೇಡ. ದಡದಲ್ಲೇ ಒಡೆಯುವ ತೆರೆಯ ದಪ್ಪ ಉಪ್ಪು ಅಲ್ಲೇ ಸುತ್ತಮುತ್ತ ಬಿದ್ದುಹೋಗುವಂಥದ್ದು, ನಡುಗಡಲಿನ ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಬೈತಕೋಲ ಬಂದರಿನ ಪಕ್ಕವೂ ಬೇಡ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ ಟ್ರಾಲರ್ ಡೀಸೆಲ್ ಹೊಗೆ ಶುರು. ಸ್ವಲ್ಪ ಎತ್ತರದ ಗುಡ್ಡದ ಮೇಲಿನ ಕಟ್ಟಡ ಹುಡುಕಿ.

ಒಳಬರುವ ಗಾಳಿಯನ್ನು ಒಣಗಿಸಲೇಬೇಕು. 30 ಡಿಗ್ರಿ, ಶೇ. 90 ಆರ್ದ್ರತೆಯ ಗಾಳಿಯನ್ನು ಶೇ. 40ಕ್ಕೆ ಇಳಿಸಲು ಸುಮಾರು 45 ಡಿಗ್ರಿಗೆ ಕಾಯಿಸಬೇಕಾಗುತ್ತದೆ. ಕೊಳವೆಗೆ ಹೀಟರ್ ತಂತಿ ಸುತ್ತಿ, ಸೆನ್ಸರಿನ ಬಾಯಲ್ಲೇ ಆರ್ದ್ರತಾಮಾಪಕ ಇಟ್ಟು ನಿಯಂತ್ರಿಸಿ. ಮನಬಂದಷ್ಟು ಕಾಯಿಸಿದರೆ ಅಮೋನಿಯಂ ನೈಟ್ರೇಟ್ ಆವಿಯಾಗಿ ರೀಡಿಂಗ್ ಕಡಿಮೆ ಬರುತ್ತದೆ. ಸಿಲಿಕಾ ಜೆಲ್ ಹಾಕುವುದಾದರೆ ಗಾಳಿ ಜೆಲ್ ನಡುವಿನ ಜಾಲರಿ ಕೊಳವೆಯಲ್ಲಿ ಹಾಯಬೇಕು, ಜೆಲ್ ರಾಶಿಯೊಳಗೆ ತೂರಿಸಿದರೆ ಕಣಗಳೆಲ್ಲ ಅಲ್ಲೇ ಅಂಟಿಕೊಳ್ಳುತ್ತವೆ. ಬಣ್ಣ ಬದಲಾದ ಜೆಲ್ಲನ್ನು 110–120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ತಾಸು ಇಟ್ಟರೆ ಮತ್ತೆ ಬಳಸಬಹುದು. ಸರ್ಕ್ಯೂಟ್ ಬೋರ್ಡಿಗೆ ರಕ್ಷಾ ಲೇಪ ಹೊಡೆಯದಿದ್ದರೆ ಫ್ಯಾನಿನ ಕನೆಕ್ಟರ್ ಮೊದಲು ಹಸಿರಾಗುತ್ತದೆ, ಆಮೇಲೆ ಫ್ಯಾನ್ ನಿಧಾನವಾಗುತ್ತದೆ. ಆಗ ಎಣಿಕೆ ಇಳಿದದ್ದನ್ನು "ಗಾಳಿ ಶುದ್ಧವಾಯಿತು" ಎಂದು ಓದುತ್ತೀರಿ.

ಗಾಳಿಯ ದಿಕ್ಕಿನ ಮಾಪಕ ಜೊತೆಗಿರಲಿ. ಚಳಿಗಾಲದಲ್ಲಿ ಹಗಲು ಕಡಲಗಾಳಿ ಬಂತು ಎಂದ ಮಾತ್ರಕ್ಕೆ ಅದು ಕಡಲಿನದ್ದಲ್ಲ. ರಾತ್ರಿ ನೆಲಗಾಳಿಯ ಜೊತೆ ಆಚೆ ಹೋದ ಊರಿನ ಹೊಗೆಯೇ ಮಧ್ಯಾಹ್ನ ತಿರುಗಿ ಬರುತ್ತದೆ.

ತೋಟಿಗ_ಶಿರಸಿ

ಓದಿದೆ. ದೊಡ್ಡ ಉಪ್ಪು ಬಿದ್ದರೆ ಮಳೆ ಬೇಗ ಬರುತ್ತದೆ ಎನ್ನುತ್ತಾರಲ್ಲ, ಕಡಲ ಉಪ್ಪೇ ಶಿರಸಿಯ ಮಳೆ ನಿರ್ಧರಿಸುತ್ತದೆಯೇ? ಸಾಣಿಕಟ್ಟಾದ ಉಪ್ಪಿನ ಆಗರಗಳಿಂದಲೂ ಕಣ ಏಳುತ್ತವೆಯೇ?

ಹೊನ್ನಾವರ_ಗಾಳಿ

ಆಗರದಿಂದ ಏನೂ ಏಳುವುದಿಲ್ಲ. ಉಪ್ಪಿನ ಕಣ ಹುಟ್ಟುವುದು ಗುಳ್ಳೆ ಒಡೆದಾಗ. ತೆರೆ ಮಗುಚಿ ಗಾಳಿಯನ್ನು ನೀರಿಗೆ ಅದುಮುತ್ತದೆ, ಗುಳ್ಳೆ ಮೇಲೆ ಬಂದು ಅದರ ತೆಳು ಟೊಪ್ಪಿಗೆ ಹರಿದಾಗ ಅತಿ ಸಣ್ಣ ಹನಿಗಳು ಸಿಡಿಯುತ್ತವೆ. ಖಾಲಿಯಾದ ಕುಳಿಗೆ ನೀರು ನುಗ್ಗಿ ನಡುವಿಂದ ಚಿಮ್ಮಿದಾಗ ಗುಳ್ಳೆಯ ಹತ್ತನೇ ಒಂದರಷ್ಟು ವ್ಯಾಸದ ದಪ್ಪ ಹನಿಗಳು ಹಾರುತ್ತವೆ. ಮೊದಲನೆಯವು ಎಣಿಕೆಗೆ, ಎರಡನೆಯವು ತೂಕಕ್ಕೆ. ನಿಂತ ಆಗರದ ನೀರಲ್ಲಿ ಈ ಕೆಲಸ ನಡೆಯದು.

ದೊಡ್ಡ ಉಪ್ಪು ಹನಿಗಳ ಕೂಡುವಿಕೆಯನ್ನು ಬೇಗ ಶುರು ಮಾಡುತ್ತದೆ ಎನ್ನುವುದು ನಿಜ, ಹೊಗೆ ತುಂಬಿದ ಮೋಡದಲ್ಲಿ ಅದರ ಪ್ರಭಾವ ಹೆಚ್ಚು. ಆದರೆ ಶಿರಸಿಯ ಮಳೆಗೆ ದೇವಿಮನೆ ಘಟ್ಟ ಏರುವ ಗಾಳಿ, ಕರಾವಳಿಯಾಚೆ ನಿಲ್ಲುವ ಒತ್ತಡದ ತಗ್ಗು, ಕಡಲಿಂದ ಬರುವ ತೇವ ಇವೇ ಯಜಮಾನರು. ಮುಂಗಾರಿನ ಮೋಡ 5 ಕಿ.ಮೀ. ಮೇಲಿನ ಹಿಮರೇಖೆ (ನೀರು ಹೆಪ್ಪುಗಟ್ಟುವ ಮಟ್ಟ) ದಾಟಿ ಬೆಳೆಯುತ್ತದೆ, ಅಲ್ಲಿ ಮಂಜುಗಡ್ಡೆಯ ಲೆಕ್ಕಾಚಾರ ಬೇರೆ. ಕಣಗಳ ಗುರುತು ಅದರಲ್ಲಿ ಹುಡುಕುವುದು ಎಂಎಸ್ಸಿ ಪ್ರಾಜೆಕ್ಟಿನ ಕೆಲಸವಲ್ಲ.

ಕೋಡಿಬಾಗ_ಫಿಸಿಕ್ಸ್

ಉಪಕಾರ ಆಯಿತು. ಡಿಸೆಂಬರ್-ಮಾರ್ಚ್, ಹೊಸ ಚೌಕ, ದಿನದ ಮಾಹಿತಿ. ಕಣದ ಪದರ ಮೋಡದ ಎತ್ತರದಲ್ಲೇ ಇದೆಯೋ, ಮೇಲೆಲ್ಲೋ ತೇಲುತ್ತಿದೆಯೋ ಎನ್ನುವುದನ್ನು ಹೇಗೆ ನೋಡುವುದು? ಎಒಡಿ ಇಡೀ ಕಂಬದ ಮೊತ್ತವಲ್ಲವೇ?

ಪಿಕ್ಸೆಲ್_ಭಟ್ರು

ಹೌದು. 2006ರಿಂದ 2023ರವರೆಗೆ ಕ್ಯಾಲಿಪ್ಸೊ ಉಪಗ್ರಹದ ಲೈಡಾರ್ (ಲೇಸರ್ ಬಿಟ್ಟು ಕಣದ ಎತ್ತರ ನೋಡುವ ಉಪಕರಣ) ಇತ್ತು, ಅದರ ಎತ್ತರದ ಚಿತ್ರಗಳು ಉಚಿತ. ದಾರಿ ಕಿರಿದು, ನಿಮ್ಮ ಚೌಕದ ಮೇಲೆ ಹಾಯ್ದ ದಿನಗಳನ್ನಷ್ಟೇ ಆರಿಸಬೇಕು. ರಾತ್ರಿಯ ಹಾಯುವಿಕೆ ಸ್ವಚ್ಛ, ಹಗಲಿನದ್ದರಲ್ಲಿ ಬಿಸಿಲಿನ ಗದ್ದಲ. ಪದರ 1.5 ಕಿ.ಮೀ.ಗಿಂತ ಕೆಳಗಿದ್ದ ದಿನ ಒಂದು ಗುಂಪು, ಮೇಲಿದ್ದದ್ದು ಇನ್ನೊಂದು. ಜೊತೆಗೆ ಹೈಸ್‌ಪ್ಲಿಟ್‌ನಲ್ಲಿ (ಗಾಳಿ ಬಂದ ದಾರಿ ಲೆಕ್ಕಹಾಕುವ ತಂತ್ರಾಂಶ) 500, 1500, 3000 ಮೀಟರಿನಿಂದ 120 ಗಂಟೆ ಹಿಂದಕ್ಕೆ ಗಾಳಿಯ ದಾರಿ ಓಡಿಸಿ. 500ರದ್ದು ನಡುಗಡಲಿಂದ, 3000ದ್ದು ದಖ್ಖನ್ನಿನಿಂದ ಬಂದಿದ್ದರೆ ಆ ದಿನದ ಎಒಡಿಯನ್ನು ಕೆಳಗಿನ ಮೋಡದ ತಲೆಗೆ ಕಟ್ಟಬೇಡಿ.